ಶಕುಂತಲಾಬಾಯಿ ತಂದ ಜೈಲಿನ ಕಾಗದ

ತಾಂಡೂರಿನ ಶಕುಂತಲಾಬಾಯಿಗೆ ಸುಳ್ಳೆಂದರೆ ಮೈಯೆಲ್ಲ ಉರಿ. ನಿನ್ನೆಯ ಬದನೆಕಾಯಿಯನ್ನು ಇವತ್ತಿನದೆಂದು ಹೇಳಿದ ತರಕಾರಿಯವಳ ತಲೆಗೆ ಬುಟ್ಟಿಯನ್ನು ಮತ್ತೆ ಹೊರಿಸಿ, ಗೇಟಿನವರೆಗೂ ಬೈಯುತ್ತ ಬಿಟ್ಟು ಬರುವ ಹೆಂಗಸು ಅವಳು. ಇಂಥವಳು ತನ್ನ ಬಾಳಿನ ಅತಿ ದೊಡ್ಡ ತೀರ್ಮಾನವನ್ನು ಒಂದೇ ಒಂದು ಮಾತು ನಂಬಿ ಮಾಡಿದ್ದಳು, ನೋಡಿ. ಜಹೀರಾಬಾದಿನ ಶಾಂತಪ್ಪ ಅರವತ್ತೊಂಬತ್ತರ ಪ್ರತ್ಯೇಕ ತೆಲಂಗಾಣ ಚಳವಳಿಯಲ್ಲಿ ಮೂರು ತಿಂಗಳು ಜೈಲಿನಲ್ಲಿದ್ದು ಬಂದವನು ಎಂಬ ಮಾತು.

ಎಪ್ಪತ್ತಮೂರರಲ್ಲಿ ಅವಳನ್ನು ಕೇಳಿಕೊಂಡು ಎರಡು ಮನೆಯವರು ಬಂದಿದ್ದರು. ಒಬ್ಬ ಬೀದರಿನ ಬಟ್ಟೆ ಅಂಗಡಿಯವನು. ಮಾಳಿಗೆ ಮನೆ, ಮನೆಯಲ್ಲಿ ಫೋನು. ಇನ್ನೊಬ್ಬ ಶಾಂತಪ್ಪ, ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಕುಳಿತವನು. ಅಪ್ಪ ಬಟ್ಟೆ ಅಂಗಡಿಗೆ ಹೂಂ ಅಂದೇಬಿಟ್ಟಿದ್ದ. ಹುಡುಗಿ ಅಡ್ಡ ನಿಂತಳು. ಜನರಿಗಾಗಿ ಜೈಲು ಕಂಡವನೇ ಆಗಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಳು. ಅವಳ ಪರವಾಗಿ ಅಪ್ಪನೊಡನೆ ಜಗಳಾಡಿ ಗೆದ್ದುಕೊಟ್ಟವಳು ಅಕ್ಕ ಪ್ರೇಮಲಾ. ತಾಯಿ ಸತ್ತಾಗ ಶಕುಂತಲಾಗೆ ನಾಲ್ಕೇ ವರ್ಷ. ಅಂದಿನಿಂದ ತಲೆ ಬಾಚಿ, ಜಡೆ ಹೆಣೆದು, ಜ್ವರ ಬಂದರೆ ಪಕ್ಕದಲ್ಲಿ ಕುಳಿತು ಬೆಳೆಸಿದವಳೂ ಆ ಅಕ್ಕನೇ.

ಅಕ್ಕ ಡಾಕ್ಟರನಾದ ಗಂಡನೊಡನೆ ಅಮೆರಿಕಕ್ಕೆ ಹೋದಳು. ಶಾಂತಪ್ಪನಿಗೆ ಕೆಲವು ವರ್ಷಗಳ ಮೇಲೆ ಕರಣಕೋಟದ ಸಿಮೆಂಟು ಕಾರ್ಖಾನೆಯಲ್ಲಿ ಗುಮಾಸ್ತನ ಕೆಲಸ ಸಿಕ್ಕು ಸಂಸಾರ ತಾಂಡೂರಿಗೆ ಬಂತು. ಮಕ್ಕಳಾಗಲಿಲ್ಲ. ನೆರೆಯ ಹೆಂಗಸರು ಆ ಮಾತು ಕೆದಕಿದರೆ ಶಕುಂತಲಾಬಾಯಿ ಗಂಡನ ಜೈಲಿನ ಕಥೆ ತೆಗೆಯುತ್ತಿದ್ದಳು. ಗಂಜಿಯಲ್ಲಿ ಹುಳ ಬಂದದ್ದು, ಇವರೆಲ್ಲ ತಟ್ಟೆ ಬಡಿದು ಗಲಾಟೆ ಮಾಡಿದ್ದು, ಜೈಲರ್ ಹೆದರಿ ಕೈ ಮುಗಿದದ್ದು. ಗಂಡ ಹೇಳುವುದಕ್ಕಿಂತ ಚೆನ್ನಾಗಿ ಅವಳೇ ಹೇಳುತ್ತಿದ್ದಳು. ಎರಡು ಸಾವಿರದ ಒಂಬತ್ತರ ಕೊನೆಗೆ ಚಳವಳಿ ಮತ್ತೆ ಹೊತ್ತಿಕೊಂಡಿತಲ್ಲ, ಆಗಂತೂ ಶಾಂತಪ್ಪನನ್ನು ಕರೆಯದ ಸಭೆಯಿಲ್ಲ. ಹಳೆಯ ಹೋರಾಟಗಾರ ಎಂದು ವೇದಿಕೆಗೆ ಹತ್ತಿಸಿ ಶಾಲು ಹೊದಿಸುವರು. ಶಕುಂತಲಾಬಾಯಿ ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುವಳು.

ಮರುವರ್ಷ ಮಳೆಗಾಲದಲ್ಲಿ ಅಮೆರಿಕದಿಂದ ಫೋನು ಬಂತು. ಅಕ್ಕನ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್, ಅದೂ ಇನ್ನೆಷ್ಟು ದಿನವೋ.

"ಶಕೂ, ಒಮ್ಮೆ ಬಂದು ಹೋಗವಾ," ಅಂದಳು ಅಕ್ಕ. "ನಿನ್ನ ತಲಿ ಬಾಚಬೇಕಂತ ಆಸೆ ಆಗ್ಯಾದ."

ಅರವತ್ತರ ಹತ್ತಿರದ ಹೆಂಗಸು ಫೋನು ಹಿಡಿದು ಹೋ ಎಂದು ಅತ್ತುಬಿಟ್ಟಳು. ಒಬ್ಬಳೇ ಹೈದರಾಬಾದಿಗೂ ಹೋದವಳಲ್ಲ. ಗಂಡ ಹೆಂಡತಿ ಇಬ್ಬರೂ ಹೋಗುವುದೆಂದು ಠರಾಯಿಸಿ, ಪಾಸ್‌ಪೋರ್ಟು ಮಾಡಿಸಿ, ಟ್ರಾವೆಲ್ಸ್ ನಡೆಸುವ ಅಮರನಾಥನ ಅಂಗಡಿಯಲ್ಲಿ ವೀಸಾ ಅರ್ಜಿಗೆ ಕುಳಿತರು. ಅಮರನಾಥ ಕಂಪ್ಯೂಟರಿನಲ್ಲಿ ಒಂದೊಂದೇ ಪ್ರಶ್ನೆ ಓದಿ ಕೇಳುತ್ತ ಬಂದ.

"ಎಂದಾರ ಅರೆಸ್ಟ್ ಆಗೀರೇನ್ರಿ ಅಂತ ಕೇಳ್ಯಾರ."

"ಇಲ್ಲ ಅಂತ ಹಾಕ್ರಿ," ಅಂದ ಶಾಂತಪ್ಪ.

ಶಕುಂತಲಾಬಾಯಿ ಕುರ್ಚಿಯಲ್ಲೇ ತಿರುಗಿದಳು. "ಯಾಕ ಇಲ್ಲ? ಕಳುವು ಮಾಡಿ ಹೋಗಿದ್ರೇನು? ನಾಚಿಗಿ ಯಾಕ?"

"ಹಳೀದು ಬಿಡ, ಯಾರು ನೋಡ್ತಾರ."

ಅಮರನಾಥ ನಡುವೆ ಬಾಯಿ ಹಾಕಿದ. "ಆಂದೋಲನದ ಕೇಸಿಗೆ ಅವರು ಏನೂ ಅನ್ನಂಗಿಲ್ರಿ. ಆದ್ರ ಸುಳ್ಳು ಬರದದ್ದು ಗೊತ್ತಾತು ಅಂದ್ರ ಜಿಂದಗಿಪೂರಾ ವೀಸಾ ಕೊಡಂಗಿಲ್ಲ."

ಅಷ್ಟು ಸಾಕಾಯಿತು ಅವಳಿಗೆ. ಒಂದು ಸುಳ್ಳಿನಿಂದ ಅಕ್ಕನ ಮುಖ ತಪ್ಪಿಹೋದರೆ? "ಹೌದು ಅಂತ ಹಾಕ್ರಿ. ಮೂರು ತಿಂಗಳು ಅಂತ ಬರೀರಿ," ಎಂದು ತಾನೇ ಬರೆಸಿದಳು. ಶಾಂತಪ್ಪ ಚಷ್ಮಾ ಒರೆಸುತ್ತ ಕುಳಿತ. ಒರೆಸಿದ್ದೇ ಒರೆಸಿದ್ದು.

ಸಂದರ್ಶನದ ದಿನ ಹೈದರಾಬಾದಿನ ಅಮೆರಿಕದ ವೀಸಾ ಕಚೇರಿಯಲ್ಲಿ ಗಾಜಿನ ಆಚೆ ಕುಳಿತಿದ್ದ ಅಧಿಕಾರಿ ಹೆಣ್ಣುಮಗಳು ತೆಲುಗು ಕಲಿತು ಬಂದವಳು, ನಗುಮುಖದವಳು. ಜೈಲಿಗೆ ಯಾಕೆ ಹೋದಿರಿ ಎಂದು ಶಾಂತಪ್ಪನನ್ನು ಕೇಳಿದರೆ ಅವನು ಮತ್ತೆ ಚಷ್ಮಾ ತೆಗೆದು ಒರೆಸತೊಡಗಿದ. ಶಕುಂತಲಾಬಾಯಿಯೇ ತೆಲುಗಿನಲ್ಲಿ ಪೂರಾ ಕಥೆ ಹೇಳಿದಳು, ಹುಳದ ಗಂಜಿಯೂ ಸೇರಿ. ಅಧಿಕಾರಿ ಕೇಳಿಕೊಂಡು ಒಂದು ಚೀಟಿ ಕೊಟ್ಟಳು. ಇದರಲ್ಲಿ ತೊಂದರೆಯೇನೂ ಕಾಣುವುದಿಲ್ಲ, ಜೈಲಿನದೋ ಕೋರ್ಟಿನದೋ ಒಂದು ಕಾಗದ ತನ್ನಿ, ಅಲ್ಲಿಯವರೆಗೆ ಇಬ್ಬರ ಅರ್ಜಿಯೂ ನಿಲ್ಲುತ್ತದೆ ಅಂದಳು.

ಒಂದು ಕಾಗದ ತಾನೇ! ಜೈಲೇನು ಓಡಿಹೋಗುತ್ತದೆಯೇ? ಆದರೆ ಶಾಂತಪ್ಪ ಊರು ಬಿಟ್ಟು ಕದಲಲಿಲ್ಲ. ಇವತ್ತು ಬಂದ್ ಅದ, ನಾಳೆ ರೈಲ್ ರೋಕೋ ಅದ, ನಾಡಿದ್ದು ಸಭಾದಾಗ ನಾ ಮಾತಾಡೂದದ ಎಂದು ಒಂದಲ್ಲ ಒಂದು ಹೇಳಿ ನಾಲ್ಕು ವಾರ ದೂಡಿದ. ಅತ್ತ ಫೋನಿನಲ್ಲಿ ಅಕ್ಕನ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. ಒಂದು ದಿನ ಅಕ್ಕನ ಬದಲು ಅವಳ ಮಗ ಮಾತಾಡಿದ. ಅಮ್ಮನಿಗೆ ಎಚ್ಚರ ತಪ್ಪಿತ್ತು, ಈಗ ಬಂದಿದೆ, ಚಿಕ್ಕಮ್ಮ ಎಲ್ಲಿಗೆ ಬಂದಳು ಎಂದು ಕೇಳುತ್ತಾಳೆ ಅಂದ. ಅದನ್ನು ಹೇಳಿದರೂ ಶಾಂತಪ್ಪ, ನಾಡಿದ್ದು ಸಭಾ ಅದ ಅಂದ.

ಮರುದಿನ ಶಕುಂತಲಾಬಾಯಿ ಗಂಡನಿಗೆ ಒಂದು ಮಾತೂ ಹೇಳದೆ ಹೈದರಾಬಾದಿಗೆ ಬೆಳಗಿನ ರೈಲು ಹತ್ತಿದಳು. ಜೀವನದಲ್ಲಿ ಮೊದಲ ಸಲ ಒಬ್ಬಳೇ. ಆಟೋದವರನ್ನು ಕೇಳಿ ಕೇಳಿ ಜೈಲಿನ ಕಚೇರಿ ಮುಟ್ಟಿ ಅರ್ಜಿ ಕೊಟ್ಟಳು. ವಾರ ಬಿಟ್ಟು ಬನ್ನಿ ಅಂದರು, ಸರಿಯಾಗಿ ವಾರಕ್ಕೆ ಹೋದಳು. ತಲೆ ನರೆತ ಗುಮಾಸ್ತ ರಿಜಿಸ್ಟರನ್ನು ತೆಗೆದಿಟ್ಟುಕೊಂಡೇ ಕುಳಿತಿದ್ದ.

"ಆ ಹೆಸರು ಇಲ್ಲಮ್ಮಾ," ಅಂದ.

"ಸರಿಯಾಗಿ ನೋಡ್ರಿ. ಜಹೀರಾಬಾದ್ ಶಾಂತಪ್ಪ."

"ಜಹೀರಾಬಾದಿನವರು ಹನ್ನೊಂದು ಜನ. ಹನ್ನೊಂದೂ ಓದಲೇನು?"

ಓದಿದ. ಗಂಡನ ಗೆಳೆಯ, ತೀರಿಹೋದ ಭೀಮಶಾನ ಹೆಸರಿತ್ತು. ಅವಳಿಗೆ ಗೊತ್ತಿದ್ದ ಇನ್ನೆರಡು ಹೆಸರೂ ಇದ್ದವು. ಶಾಂತಪ್ಪನ ಹೆಸರಿರಲಿಲ್ಲ.

"ನಿಮ್ಮ ಬುಕ್ಕ ಇಲಿ ತಿಂದಿರಬೇಕು!" ಎಂದು ಹರಿಹಾಯ್ದಳು. ಪಾಪದ ಮನುಷ್ಯ ಸಿಟ್ಟಾಗಲಿಲ್ಲ. ಪುಟ ಹರಿದಿಲ್ಲ, ಸಾಲು ಬಿಟ್ಟಿಲ್ಲ ಎಂದು ತಿರುಗಿಸಿ ತೋರಿಸಿ, ಆ ವರ್ಷ ಈ ಹೆಸರಿನ ಕೈದಿ ಇರಲಿಲ್ಲವೆಂದು ಟೈಪು ಮಾಡಿದ ಕಾಗದಕ್ಕೆ ಠಸ್ಸೆ ಒತ್ತಿ ಕೊಟ್ಟ. ರೈಲಿನಲ್ಲಿ ಕುಳಿತದ್ದು, ಇಳಿದದ್ದು ಯಾವುದೂ ಅವಳಿಗೆ ನೆನಪಿಲ್ಲ.

ಶಾಂತಪ್ಪ ಚಹಾ ಕುಡಿಯುತ್ತಿದ್ದ. ಕಾಗದವನ್ನು ಅವನ ಮುಂದಿಟ್ಟಳು. ಓದಿದ. ಮುಖ ಕಪ್ಪಿಟ್ಟಿತು.

"ಪೊಲೀಸರು ಲಾರಿ ಏರಿಸಿದ್ದು ಖರೇ," ಅಂದ. "ಊರ ಮಂದಿ ಹಾರ ಹಾಕಿ ಕಳಿಸಿದ್ರು. ಎರಡು ಮೈಲು ಹೋದ ಮ್ಯಾಲ ಜಮಾದಾರ ಅಂದ, ಗಾಡಿ ಭರ್ತಿ ಆಗ್ಯಾದ, ಹಿಂದಿನ ಆರು ಮಂದಿ ಇಳೀರಿ ಅಂತ. ಉಳಿದ ಐದು ಮಂದಿ ಹಳ್ಳಿಯವರು, ಅವರ ಊರಿಗಿ ಅವರು ಹೋದ್ರು. ಹಾರ ಹಾಕ್ಕೊಂಡು ಹೋದವ ಅವತ್ತೇ ತಿರುಗಿ ಮನಿಗಿ ಹ್ಯಾಂಗ ಬರ್ಲಿ? ನಾರಾಯಣಖೇಡದಾಗ ಸೋದರತ್ತಿ ಮನ್ಯಾಗ ಉಳದೆ. ಭೀಮಶಾ ಎಲ್ಲಾರೂ ಬಿಡುಗಡಿ ಆಗಿ ಬರೂ ದಿನ ನಾನೂ ಅದೇ ಬಸ್ಸಿನಾಗ ಕೂತು ಬಂದೆ. ಮತ್ತ ಹಾರ ಹಾಕಿದ್ರು."

ಶಕುಂತಲಾಬಾಯಿಯ ಬಾಯಿಂದ ಹೊರಟದ್ದು ಅವಳಿಗೇ ವಿಚಿತ್ರವೆನಿಸುವ ಮಾತು. "ಗಂಜಿಯಾಗಿನ ಹುಳಾ?"

"ಭೀಮಶಾ ಹೇಳಿದ್ದು."

ಅವಳು ಗೋಡೆಗೆ ಒರಗಿ ಕೆಳಗೆ ಕುಳಿತಳು. ಬೈಯಲಿಲ್ಲ. ಅವಳು ಬೈಯದಿದ್ದುದಕ್ಕೇ ಶಾಂತಪ್ಪ ಹೆಚ್ಚು ಹೆದರಿದ. ಅವಳ ತಲೆಯಲ್ಲಿ ಆಗ ಬೀದರಿನ ಬಟ್ಟೆ ಅಂಗಡಿಯೂ ಇರಲಿಲ್ಲ, ಮೂವತ್ತೇಳು ವರ್ಷದ ಸಂಸಾರವೂ ಇರಲಿಲ್ಲ. ಇದ್ದದ್ದು ಅಮರನಾಥನ ಅಂಗಡಿಯ ಆ ಕುರ್ಚಿ ಒಂದೇ. ಗಂಡ ಅಲ್ಲೇ ಒಂದು ಮಾತು ನಿಜ ಹೇಳಿದ್ದರೆ ಅವಳು ಇಷ್ಟು ಹೊತ್ತಿಗೆ ಅಕ್ಕನ ಹತ್ತಿರ ಇರುತ್ತಿದ್ದಳು. ಅಕ್ಕನಿಗೆ ಎಚ್ಚರ ತಪ್ಪಿದ ಸುದ್ದಿ ಕೇಳಿಯೂ ಈ ಮನುಷ್ಯ ನಾಡಿದ್ದು ಸಭೆಯಿದೆ ಅಂದಿದ್ದನಲ್ಲ! ಅಯ್ಯೋ ಶಿವನೇ, ಯಾರ ಜೊತೆ ಇಷ್ಟು ವರ್ಷ ಉಂಡೆ ನಾನು, ಎಂದುಕೊಂಡಳು.

ಅಂಥ ಕೈದಿ ಇರಲಿಲ್ಲ ಎಂದು ಬರೆದ ಜೈಲಿನ ಆ ಕಾಗದವೇ ವೀಸಾಕ್ಕೆ ಸಾಕಾಗುವುದಿತ್ತು. ಇಬ್ಬರೂ ಮತ್ತೆ ಅದೇ ಗಾಜಿನ ಮುಂದೆ ನಿಂತರು. ಅಧಿಕಾರಿ ಕಾಗದ ಓದಿ, ಅವರ ಬಾಯಿಂದಲೇ ಕೇಳಬೇಕು ಅಂದಳು. ನಾನು ಜೈಲಿಗೆ ಹೋಗಿಲ್ಲ ಎಂದು ಶಾಂತಪ್ಪ ಗೊಣಗಿದ. ಕೇಳಿಸಲಿಲ್ಲ, ಜೋರಾಗಿ ಹೇಳಿ ಅಂದಳು. ಹಿಂದಿನ ಸಾಲಿನವರಿಗೂ ಕೇಳುವಂತೆ ಅವನು ಮತ್ತೊಮ್ಮೆ ಹೇಳಬೇಕಾಯಿತು. ಆಮೇಲೆ ಅಧಿಕಾರಿ ಶಕುಂತಲಾಬಾಯಿಯ ಕಡೆ ತಿರುಗಿ, ಹಾಗಾದರೆ ನೀವು ಅವತ್ತು ಹಾಗೇಕೆ ಹೇಳಿದಿರಿ ಎಂದು ಕೇಳಿದಳು.

"ನನಗೂ ಹಾಗೇ ಹೇಳಿದ್ದರಮ್ಮಾ," ಅಂದಳು ಶಕುಂತಲಾಬಾಯಿ, ತೆಲುಗಿನಲ್ಲಿ. "ನನಗೆ ಗೊತ್ತಾಗಿ ಇವತ್ತಿಗೆ ಆರು ದಿನ."

ಅಧಿಕಾರಿ ಅವಳನ್ನು ಒಂದು ಗಳಿಗೆ ನೋಡಿ ಏನೋ ಬರೆದುಕೊಂಡಳು. ಇಬ್ಬರಿಗೂ ವೀಸಾ ಆಯಿತು ಅಂದಳು.

ಹೊರಗೆ ಬಂದು ಆಟೋಕ್ಕೆ ಕಾಯುವಾಗ ಶಾಂತಪ್ಪ ಅತ್ತಿತ್ತ ನೋಡಿ ಹತ್ತಿರ ಸರಿದ. ಕ್ಷಮಿಸು ಅನ್ನುತ್ತಾನೆ, ಇಲ್ಲವೆ ಅಕ್ಕ ಹೇಗಿದ್ದಾಳೋ ಅನ್ನುತ್ತಾನೆ ಎಂದುಕೊಂಡಳು ಅವಳು.

"ಶಕುಂತಲಾ, ಊರಾಗ ಯಾರ ಮುಂದಾರ ಹೇಳ್ತಿಯೇನು?"

ಅವಳು ಅವನ ಮುಖವನ್ನೇ ನೋಡಿದಳು. "ಇಲ್ಲ. ಹೇಳಂಗಿಲ್ಲ," ಅಂದಳು.

ವೀಸಾ ಸಿಕ್ಕಾಗ ಬಿಡದ ಉಸಿರನ್ನು ಶಾಂತಪ್ಪ ಆಗ ಬಿಟ್ಟ. ಬಿಗಿದಿದ್ದ ಭುಜಗಳು ಇಳಿದವು, ಮುಖಕ್ಕೆ ಕಳೆ ಬಂತು, ಎರಡು ಟಿಕೀಟಿಗೆ ಇವತ್ತೇ ಅಮರನಾಥನಿಗೆ ಫೋನ್ ಮಾಡ್ತೀನಿ ಅಂದ.

"ಒಂದೇ ತೆಗಸ್ರಿ," ಅಂದಳು ಶಕುಂತಲಾಬಾಯಿ. "ನಾ ಒಬ್ಬಾಕಿನೇ ಹೋಗ್ತೀನಿ."