ಗೌರಿಯ ಎರಡು ಕೂಗು

ಸತ್ತವರು ಕಂಡರು, ಕರೆದರು, ಮಾತಾಡಿದರು ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೊರಗೆ ಹೋಗಿ ಬೀಡಿ ಹಚ್ಚುವ ಪೈಕಿ ನಾನು. ಹತ್ತು ವರ್ಷ ನೌಕಾಪಡೆಯಲ್ಲಿ ಸಿಗ್ನಲ್ ಕೆಲಸ ಮಾಡಿದವನು. ದೂರದ ಹಡಗಿನಲ್ಲಿ ದೀಪ ಮಿನುಗಿದರೆ ಅವರು ಏನು ಹೇಳುತ್ತಿದ್ದಾರೆ ಎಂದು ಓದಿ ಉತ್ತರ ಕೊಡುವುದು ನನ್ನ ಉದ್ಯೋಗ. ಕಳಿಸುವವನಿಲ್ಲದೆ ಸಂದೇಶ ಬರುವುದಿಲ್ಲ ಎಂಬುದು ನನಗೆ ಮಗ್ಗಿಯಷ್ಟು ಗಟ್ಟಿಯಾಗಿ ಗೊತ್ತಿತ್ತು. ಹಡಗಿನಲ್ಲಿ ದೆವ್ವದ ಕಥೆ ಹೇಳುತ್ತಿದ್ದ ಗೆಳೆಯರನ್ನು ಸಾಕಷ್ಟು ಗೋಳುಹೊಯ್ದುಕೊಂಡಿದ್ದೇನೆ. ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆಗ ವಯನಾಡು ಹೊಸ ಜಿಲ್ಲೆಯಾಗಿ ಒಂದೆರಡು ವರ್ಷವಾಗಿತ್ತಷ್ಟೆ. ನಮ್ಮ ಮನೆ ಪಯ್ಯಂಪಳ್ಳಿಯಿಂದ ಒಳಕ್ಕೆ, ಗದ್ದೆಬಯಲಿನ ಅಂಚಿನಲ್ಲಿ. ಹಿರಿಯರು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಬಂದು ಇಲ್ಲಿ ನೆಲೆನಿಂತವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಕಲ್ಪೆಟ್ಟದಲ್ಲಿ ಹೊಸ ಕಚೇರಿಗಳು ತೆರೆದಿದ್ದರೂ ನನ್ನ ಕಾಗದಪತ್ರಗಳಲ್ಲಿ ನಾನಿನ್ನೂ ಕಣ್ಣೂರು ಜಿಲ್ಲೆಯವನೇ. ನೌಕಾಪಡೆಯಿಂದ ಬಿಡುಗಡೆಯಾಗಿ ಬಂದು ಮೂರು ತಿಂಗಳು ಸುಮ್ಮನೆ ಕೂತಿದ್ದೆ. ಭೂಸೇನೆಯ ಕಾವಲು ದಳವೊಂದು ಸೇವೆ ಮುಗಿಸಿದವರನ್ನು ಮತ್ತೆ ಸೇರಿಸಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರಿಂದ ಘಟ್ಟ ಇಳಿದು ಕಣ್ಣೂರಿಗೆ ಹೋಗಿ ವಿಚಾರಿಸಿದೆ.

ಅಲ್ಲಿದ್ದ ಹವಾಲ್ದಾರರು ನನ್ನ ಸೇವಾ ಪುಸ್ತಕ ತಿರುವಿಹಾಕಿ ನಕ್ಕರು. ಬಾವುಟ ಬೀಸುವವನಿಗೂ ದೀಪ ಮಿನುಗಿಸುವವನಿಗೂ ಇಲ್ಲಿ ಕೆಲಸವಿಲ್ಲ, ಇದು ನೆಲದ ಮೇಲೆ ನಡೆಯುವವರ ಸೇನೆ ಎಂದರು. ಇಲ್ಲಿರುವುದು ಎರಡೇ ಕೆಲಸ. ಒಂದು ಬಂದೂಕು ಹಿಡಿದು ಕಾವಲು ನಿಲ್ಲುವುದು, ಇನ್ನೊಂದು ಗುಮಾಸ್ತಗಿರಿ. ಕಾವಲಿನವನಾದರೆ ಉತ್ತರದ ಕಡೆ ಯಾವುದಾದರೂ ಮದ್ದುಗುಂಡಿನ ಉಗ್ರಾಣಕ್ಕೆ ಹೋಗಬೇಕು, ವರ್ಷಕ್ಕೊಮ್ಮೆ ರಜೆ. ಗುಮಾಸ್ತನಾದರೆ ಒಂದು ಪರೀಕ್ಷೆ ಪಾಸು ಮಾಡಬೇಕು, ಆದರೆ ಕಣ್ಣೂರಿನಲ್ಲೇ ಜಾಗವಿದೆ. ಮೊದಲ ಆಯ್ಕೆ ಯಾವುದು ಎಂದು ಅರ್ಜಿಯಲ್ಲಿ ತುಂಬಿ ಸೋಮವಾರ ತಂದುಕೊಡು, ಒಮ್ಮೆ ಕೊಟ್ಟಮೇಲೆ ಬದಲಾಯಿಸುವ ಮಾತಿಲ್ಲ ಎಂದು ಎರಡು ಸಲ ಹೇಳಿ ಕಳಿಸಿದರು.

ಬುದ್ಧಿ ನೆಟ್ಟಗಿರುವವನು ಏನು ಬರೆಯುತ್ತಾನೆ ಎಂದು ನಿಮಗೆ ಗೊತ್ತೇ ಇದೆ. ನಾನು ಮಾತ್ರ ಬಸ್ಸಿನಲ್ಲೇ ಕಾವಲು ಎಂದು ತೀರ್ಮಾನಿಸಿಬಿಟ್ಟಿದ್ದೆ. ಎಷ್ಟು ದೂರವಾದರೆ ಅಷ್ಟು ಒಳ್ಳೆಯದು ಅನಿಸಿತ್ತು. ಕಾರಣ, ಗೌರಿ ಇಲ್ಲದ ಮನೆಯಲ್ಲಿ ನನಗೆ ಇರಲು ಆಗುತ್ತಿರಲಿಲ್ಲ.

ಗೌರಿ ನನ್ನ ಹೆಂಡತಿ. ಮದುವೆಯಾದ ಮೇಲೆ ನಾವು ಒಟ್ಟಿಗೆ ಇದ್ದದ್ದು ನನ್ನ ರಜೆಗಳಲ್ಲಿ ಮಾತ್ರ. ಪ್ರತಿ ಸಲವೂ ಸಲಿಗೆ ಬೆಳೆಯುವ ಹೊತ್ತಿಗೆ ಪೆಟ್ಟಿಗೆ ಕಟ್ಟುವ ದಿನ ಬಂದಿರುತ್ತಿತ್ತು. ಮಗಳಿಗೆ ವರ್ಷ ತುಂಬುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಳು. ನಮ್ಮ ಹಡಗು ನಡುಗಡಲಿನಲ್ಲಿತ್ತು. ಸುದ್ದಿ ನನ್ನ ಕೈಸೇರುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಊರವರ ಸಂದೇಶವನ್ನೆಲ್ಲ ಓದುತ್ತಿದ್ದವನಿಗೆ ತನ್ನದು ಮಾತ್ರ ತಡವಾಗಿ ಬಂತು. ಅವಳ ಮುಖವನ್ನು ಕೊನೆಗೊಮ್ಮೆ ನೋಡಿದ್ದರೆ ಹೇಗಿರುತ್ತಿತ್ತೋ ಗೊತ್ತಿಲ್ಲ. ನೋಡದೆ ಇದ್ದದ್ದರಿಂದ ಅವಳು ಎಲ್ಲೋ ಒಳಕೋಣೆಯಲ್ಲಿ ಇದ್ದಾಳೆ, ಈಗ ಬರುತ್ತಾಳೆ ಎಂದು ಮೂರು ವರ್ಷವಾದಮೇಲೂ ಅನಿಸುತ್ತಿತ್ತು. ಆ ಕಾಯುವಿಕೆಯಿಂದ ತಪ್ಪಿಸಿಕೊಳ್ಳಲು ನನಗೆ ಉತ್ತರ ದಿಕ್ಕು ಬೇಕಿತ್ತು.

ಮಗಳು ಶಾರದೆಯನ್ನು ಸಾಕುತ್ತಿದ್ದವಳು ನನ್ನ ಅಕ್ಕ. ಗಂಡ ತೀರಿದ ಮೇಲೆ ತನ್ನ ಇಬ್ಬರು ಮಕ್ಕಳೊಡನೆ ನಮ್ಮ ಮನೆಗೇ ಬಂದಿದ್ದಳು. ಆ ಮಕ್ಕಳು ನನ್ನನ್ನು ಮಾವ ಎನ್ನುತ್ತಿದ್ದವು. ಅವರನ್ನು ನೋಡಿ ನನ್ನ ಮಗಳೂ ಮಾವ ಎಂದೇ ಕರೆಯುತ್ತಿದ್ದಳು. ಅಕ್ಕ ತಿದ್ದಿದರೆ ನಾನೇ ಬೇಡ ಎನ್ನುತ್ತಿದ್ದೆ. ಹೇಗೂ ಹೋಗುವವನು, ಯಾವ ಹೆಸರಾದರೇನು ಎಂದು. ಅಕ್ಕನಿಗೆ ಅದು ಸಹಿಸುತ್ತಿರಲಿಲ್ಲ.

"ದೂರಕ್ಕೋಗಿ ಕುಂತ್ರೆ ಕೂಸಿಗೆ ನೀನು ಯಾವಾಗ್ಲೂ ಮಾವನೇ ಆಯ್ತೀಯ, ನೋಡ್ಕೊ" ಎಂದು ಒಮ್ಮೆ ಮುಖಕ್ಕೆ ಹೊಡೆದಂತೆ ಹೇಳಿದಳು.

ಶನಿವಾರ ಬೆಳಿಗ್ಗೆ ಶಾರದೆಗೆ ಕೆಮ್ಮು ಜಾಸ್ತಿಯಾಯಿತೆಂದು ಅಕ್ಕ ಮೂವರು ಮಕ್ಕಳನ್ನೂ ಕರೆದುಕೊಂಡು ಮಾನಂತವಾಡಿಯ ಆಸ್ಪತ್ರೆಗೆ ಹೋದಳು. ಗಂಜಿ ಮುಚ್ಚಿಟ್ಟಿದ್ದೇನೆ, ಹಸಿವಾದಾಗ ಉಣ್ಣು ಎಂದಿದ್ದಳು. ನಾನು ಮನೆಗೆ ಬೀಗ ಹಾಕಿ ಅರ್ಜಿ, ಪೆನ್ನು ಹಿಡಿದು ಬಯಲಿಗಿಳಿದೆ. ಕೊಯ್ಲು ಮುಗಿದು ಕೂಳೆ ಒಣಗಿತ್ತು. ಹಂದಿ ಕಾಯುವ ಅಟ್ಟಣೆಯ ನೆರಳಿನಲ್ಲಿ, ಬದುವಿನ ಮೇಲೆ ಕೂತೆ. ಹಾಡುಹಗಲು, ಸೂರ್ಯ ನೆತ್ತಿಗೆ ಬಂದಿದ್ದ. ಮೊದಲ ಆಯ್ಕೆ ಎಂಬಲ್ಲಿ ಕಾವಲು ಎಂದು ಬರೆದೆ. ಎರಡನೆಯದನ್ನು ಬರೆಯಲು ಪೆನ್ನು ಊರಿದ್ದೆ.

ಆಗ ಮನೆಯ ಕಡೆಯಿಂದ ಕೂಗು ಕೇಳಿತು.

ನಮ್ಮ ಬಯಲಿನ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಗದ್ದೆಯಲ್ಲಿರುವ ಗಂಡಸರನ್ನು ಊಟಕ್ಕೆ ಕರೆಯಲು ಹೆಂಗಸರು ಅಂಗಳದ ಅಂಚಿಗೆ ಬಂದು ಕೂಗು ಹಾಕುತ್ತಾರೆ. ಗಂಡನ ಹೆಸರು ಹಿಡಿಯುವಂತಿಲ್ಲ, ಆದ್ದರಿಂದ ಒಂದೊಂದು ಮನೆಗೂ ಒಂದೊಂದು ಕೂಗು. ಯಾರ ಮನೆಯಲ್ಲಿ ಅನ್ನ ಆಯಿತು ಎಂದು ಬಯಲಿಗೆಲ್ಲ ಗೊತ್ತಾಗುತ್ತದೆ. ಗೌರಿ ಹೆಗ್ಗಡದೇವನಕೋಟೆಯ ಕಡೆಯವಳು, ನಮ್ಮ ಮನೆಯ ಕೂಗು ಅವಳಿಗೆ ಕೊನೆಗೂ ಒಗ್ಗಲಿಲ್ಲ. ಅವಳದು ಮೇಲಕ್ಕೇರಿ, ನಡುವೆ ತುಂಡಾಗಿ, ಕೊನೆಗೆ ಸಣ್ಣಗೆ ಇಳಿಯುವ ಕೂಗು. ಮೊದಮೊದಲು ಬಯಲಿನವರು ನಕ್ಕರು. ಆಮೇಲೆ ಅದೇ ನಮ್ಮ ಮನೆಯ ಗುರುತಾಯಿತು. ಅವಳು ಹೋದ ಮೇಲೆ ಅಕ್ಕ ಹಳೆಯ ಕೂಗನ್ನೇ ಹಾಕುತ್ತಿದ್ದಳು. ಇನ್ನೂ ಒಂದು ಮಾತಿದೆ. ಮೊದಲೆರಡು ಕೂಗಿಗೆ ನಮ್ಮಲ್ಲಿ ಯಾರೂ ಓಗೊಡುವುದಿಲ್ಲ. ಮನೆಯವರಾದರೆ ಮೂರು ಸಲ ಕೂಗುತ್ತಾರೆ, ಹೋದವರಿಗೆ ಮೂರನೆಯ ಸಲ ಕೂಗಲು ಉಸಿರಿರುವುದಿಲ್ಲ ಎಂಬ ನಂಬಿಕೆ. ತಪ್ಪಿ ಓಗೊಟ್ಟರೆ ಅವರ ಬೆನ್ನುಹತ್ತಿ ಹೋಗಬೇಕಾಗುತ್ತದಂತೆ.

ನಾನು ಕೇಳಿದ್ದು ಗೌರಿಯ ಕೂಗು. ಅದರಂತೆ ಇದ್ದದ್ದಲ್ಲ, ಅದೇ. ಮೇಲಕ್ಕೇರಿತು, ತುಂಡಾಯಿತು, ಇಳಿಯಿತು. ಮೈ ಜುಮ್ಮೆನ್ನಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಾಯಲ್ಲಿ ನೀರೂರಿತು ಎಂದರೆ ನೀವು ನಂಬುತ್ತೀರಾ? ಅವಳ ಹುರುಳಿ ಸಾರಿನ ಹಸಿವು ಅದು. ಸ್ವಲ್ಪ ಹೊತ್ತು ಬಿಟ್ಟು ಎರಡನೆಯ ಕೂಗು ಬಂತು. ನನಗೆ ಓಗೊಡಬೇಕೆನಿಸಿತು, ಬಾಯಿ ತೆರೆದೂ ಇದ್ದೆ. ಆದರೆ ಚಿಕ್ಕಂದಿನಿಂದ ಮೈಗೂಡಿದ ಅಭ್ಯಾಸ, ಮನಸ್ಸಿನೊಳಗೆ ಒಂದು, ಎರಡು ಎಂದು ಎಣಿಸಿ ಮೂರಕ್ಕೆ ಕಾದೆ. ಹಡಗಿನಲ್ಲಿ ಮೊದಲ ಮಿನುಗಿಗೇ ಉತ್ತರ ಕೊಡದಿದ್ದರೆ ಶಿಕ್ಷೆಯಾಗುತ್ತಿತ್ತು. ಹತ್ತು ವರ್ಷ ಒಮ್ಮೆಯೂ ತಪ್ಪದವನು ನನ್ನ ಹೆಂಡತಿಯನ್ನು ಮಾತ್ರ ಕಾಯಿಸಿದೆ.

ಮೂರನೆಯ ಕೂಗು ಬರಲಿಲ್ಲ.

ಎದ್ದು ಓಡಿದೆ. ಬೀಗ ಹಾಗೆಯೇ ಇತ್ತು. ಅಂಗಳದಲ್ಲಿ ಯಾರೂ ಇಲ್ಲ. ಬೀಗ ತೆಗೆದು ನೋಡಿದರೆ ಒಳಗೆ ಒಲೆ ತಣ್ಣಗಿತ್ತು, ಮುಚ್ಚಿಟ್ಟ ಗಂಜಿ ಮುಚ್ಚಿದಂತೆಯೇ ಇತ್ತು. ಮನೆಯ ಸುತ್ತ ಎರಡು ಸುತ್ತು ಬಂದು "ಗೌರೀ" ಎಂದು ಕರೆದೆ. ಅವಳ ಹೆಸರನ್ನು ಅಷ್ಟು ಗಟ್ಟಿಯಾಗಿ ಕರೆದದ್ದು ಅದೇ ಮೊದಲು.

ಮತ್ತೆ ಬಯಲಿಗೆ ಬಂದಾಗ ಬಯಲಿನ ಆಚೆ ದಡದ ಮಾದಪ್ಪಣ್ಣ ಬದುವಿನ ಮೇಲೆ ನನ್ನ ಕಡೆಗೇ ಬರುತ್ತಿದ್ದರು. ಅರವತ್ತು ದಾಟಿದವರು, ನಮ್ಮ ತಂದೆಯ ಗೆಳೆಯರು.

"ಯಾಕಪ್ಪಾ ತಿರ್ಗಾ ಬಂದೆ? ಮನೇಲಿ ಉಣ್ಣಕ್ಕೆ ಕೂಗ್ತಾವ್ರಲ್ಲ" ಎಂದರು.

"ನಿಮಗೂ ಕೇಳಿಸ್ತಾ ಅಣ್ಣಾ?"

"ಕೇಳ್ದೆ ಏನು, ನಂಗೇನು ಕಿವುಡಾ? ನಿಮ್ಮ ಗೌರವ್ವನ ಕೂಗು..." ಎಂದವರು ಅಲ್ಲಿಗೇ ನಿಲ್ಲಿಸಿದರು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ಎರಡೇ ಅಲ್ವಾ ಆಗಿದ್ದು? ಸೆರಿ ಮಾಡ್ದೆ ಬುಡು. ಓಗೊಡ್ದೆ ಇದ್ದದ್ದು ಒಳ್ಳೇದಾಯ್ತು" ಎಂದು ಬೆನ್ನು ತಟ್ಟಿದರು.

ಮೂರು ಗಂಟೆಗೆ ಅಕ್ಕ ಬಂದಳು. ಕೇಳಿದೆ. "ನಾನೆಲ್ಲಿ ಕೂಗ್ಲಿ? ಆಶುಪತ್ರೀಲಿ ಚೀಟಿ ಹಿಡ್ಕೊಂಡು ನಿಂತಿದ್ದೆ" ಎಂದಳು. ನಡೆದದ್ದನ್ನು ಹೇಳಿದ ಮೇಲೆ ಅವಳೂ ಮಾದಪ್ಪಣ್ಣನ ಮಾತನ್ನೇ ಆಡಿದಳು. ಒಳ್ಳೆಯದಾಯಿತಂತೆ. ಊರೆಲ್ಲ ಒಳ್ಳೆಯದಾಯಿತು ಎಂದ ಆ ಒಂದು ಸಂಗತಿಗೆ ನನ್ನ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ. ಇದ್ದಾಗಲೂ ಅವಳು ಕರೆದಾಗ ನಾನು ಇರಲಿಲ್ಲ. ಆ ದಿನ ಇದ್ದೆ, ಓಗೊಡಲಿಲ್ಲ.

ಸೋಮವಾರ ಕಣ್ಣೂರಿನಲ್ಲಿ ಇನ್ನೊಂದು ಅರ್ಜಿ ಕೇಳಿದಾಗ ಹವಾಲ್ದಾರರು ಬೈದರು. ಬೈಸಿಕೊಂಡು ಮೊದಲ ಆಯ್ಕೆಯಾಗಿ ಗುಮಾಸ್ತ ಎಂದು ಬರೆದೆ. ಗೌರಿ ಬಂದು ಹೀಗೆ ಬರೆ ಎಂದು ಹೇಳಿದಳು ಎಂದು ನಾನು ಖಂಡಿತ ಹೇಳುವುದಿಲ್ಲ. ಆ ಕೂಗಿನ ಅರ್ಥ ಊಟಕ್ಕೆ ಬಾ ಎಂದಷ್ಟೆ. ಆದರೆ ಉತ್ತರದ ಯಾವುದೋ ಉಗ್ರಾಣದ ಬಾಗಿಲಲ್ಲಿ ನಿಂತವನಿಗೆ ಅದು ಇನ್ನೊಮ್ಮೆ ಕೇಳಿಸುವುದು ಹೇಗೆ? ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಗಳಿಗಾಗಿ ಅಲ್ಲ, ಆ ಮೂರನೆಯ ಕೂಗಿನ ಆಸೆಗೆ ನಾನು ಹತ್ತಿರದ ಕೆಲಸ ಹಿಡಿದೆ.

ಪರೀಕ್ಷೆ ಪಾಸಾಯಿತು. ಬೆರಳಚ್ಚು ಕಲಿತೆ. ಪ್ರತಿ ಶನಿವಾರ ಬಸ್ಸು ಹತ್ತಿ ಮನೆಗೆ ಬರುತ್ತಿದ್ದೆ. ಮಗಳು ಪಾಲಿಗೆ ಬಂದದ್ದು ನಾನು ಕೇಳದೆ ಸಿಕ್ಕ ಭಾಗ್ಯ. ಒಂದು ಶನಿವಾರ ಅಕ್ಕನ ಮಕ್ಕಳು ಮಾವ, ಮಾವ ಎಂದು ಓಡಿಬಂದವು. ಶಾರದೆ ಮಾತ್ರ ಏನೂ ಕರೆಯದೆ ನನ್ನ ಚೀಲದ ಒಂದು ಕಿವಿ ಹಿಡಿದುಕೊಂಡು ಮನೆಯವರೆಗೆ ನಡೆದಳು. ಮುಂದಿನ ವಾರ ಅಪ್ಪ ಎಂದಳು.

ನಾನು ಕಾರಣ ಹುಡುಕದೆ ಬಿಟ್ಟವನಲ್ಲ. ನಮ್ಮ ಕಾಡಂಚಿನಲ್ಲಿ ಕಾಜಾಣಗಳಿವೆ, ಕೇಳಿದ್ದನ್ನೆಲ್ಲ ಅನುಕರಿಸುವ ಹಕ್ಕಿ. ವೆಳ್ಳಮುಂಡದ ಮೇಷ್ಟ್ರೊಬ್ಬರು ಅದೇ ಇರಬೇಕು ಎಂದರು. ಇರಬಹುದು. ಆದರೆ ಸತ್ತು ಮೂರು ವರ್ಷವಾದವಳ ಕೂಗನ್ನು ಅಲ್ಲಿಯವರೆಗೆ ಒಮ್ಮೆಯೂ ಹಾಡದ ಹಕ್ಕಿ, ಆ ಹೊತ್ತಿಗೆ, ನಮ್ಮ ಅಂಗಳದಿಂದಲೇ ಏಕೆ ಹಾಡಿತು? ಅದಾದ ಮೇಲೂ ಏಕೆ ಹಾಡಲಿಲ್ಲ? ಒಂದು ವೇಳೆ ಹಕ್ಕಿಯೇ ಆಗಿದ್ದರೆ, ಅದು ನನಗಿಂತ ಚೆನ್ನಾಗಿ ಗೌರಿಯನ್ನು ನೆನಪಿಟ್ಟುಕೊಂಡಿತ್ತು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ನಿಮಗೆ ತಿಳಿದರೆ ನೀವೇ ಸರಿ.

ಪ್ರತಿ ಭಾನುವಾರ ಮಧ್ಯಾಹ್ನ ಬಯಲಿಗೆ ಹೋಗಿ ಕೂರುತ್ತಿದ್ದೆ. ಈ ಸಲ ಎಣಿಸುವುದಿಲ್ಲ, ಮೊದಲನೆಯದಕ್ಕೇ ಓಗೊಡುತ್ತೇನೆ ಎಂದು ನಿಶ್ಚಯಿಸಿಕೊಂಡೇ ಕೂರುತ್ತಿದ್ದೆ. ಯಾರ ಯಾರ ಮನೆಯ ಕೂಗೋ ಬರುತ್ತಿತ್ತು, ಗಂಡಸರು ಕೈಕಾಲು ತೊಳೆದು ಹೋಗುತ್ತಿದ್ದರು. ಹೀಗೆ ಎರಡು ವರ್ಷ ಕಳೆದವು. ಒಂದು ಭಾನುವಾರ ಬಯಲು ಖಾಲಿಯಾಗಿ, ಮಾದಪ್ಪಣ್ಣ ಒಬ್ಬರೇ ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಯಾವ ಕೂಗೂ ಇರಲಿಲ್ಲ. ಏನನಿಸಿತೋ, ಎದ್ದು ನಿಂತು ಮನೆಯ ಕಡೆ ತಿರುಗಿ ಗಂಟಲು ಬಿಟ್ಟು ಓಗೊಟ್ಟೆ.

"ಓಯ್... ಬಂದೇ..."

ಮಾದಪ್ಪಣ್ಣ ಕುಡುಗೋಲು ನಿಲ್ಲಿಸಿ ತಲೆ ಎತ್ತಿದರು. ಯಾರು ಕೂಗಿದರು ಎಂದು ಕೇಳಲಿಲ್ಲ.

"ಬಿರ್ನೆ ಹೋಗಪ್ಪಾ" ಎಂದರು. "ಆವಾಗಿಂದ ಕಾಯ್ತಾ ಅವ್ಳೆ."