ಎದುರು ಕೂತವಳ ಸಾಲು

ಮೈಲೂರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಭಾಲ್ಕಿಯ ಕಾಲೇಜಿನಲ್ಲಿ ಛಂದಸ್ಸು ಕಲಿಸುವ ನನ್ನನ್ನು ಕಂಡಾಗಲೆಲ್ಲ, "ಇವತ್ತ ಎಷ್ಟ ಮಾತ್ರೆ ಎಣಿಸಿದ್ರಿ, ಬಾಯಿ?" ಎಂದು ಕೇಳಿ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ನನ್ನ ತಂಗಿಯ ಮದುವೆಗೆ ಅರಿಶಿನ ಬೀಸಲು ಅವಳನ್ನೇ ಕರೆದೆವು. ಬೀಸುವ ಕಲ್ಲಿನ ಮುಂದೆ ಒಬ್ಬಳೇ ಕೂತು ಗೂಟ ಹಿಡಿದಳು. ಎಳೆ ಬಿಸಿಲಿನಲ್ಲಿ ಹಳದಿ ಪುಡಿ ತೇಲುತ್ತಿತ್ತು. ಕಲ್ಲಿನ ಗುಂಯ್ ಸದ್ದಿನೊಳಗಿಂದ ತ್ರಿಪದಿಯೊಂದು ತಾನಾಗಿ ಎದ್ದು ಬಂದಂತಿತ್ತು. ಎರಡನೆಯ ಸಾಲು ಮುಗಿಸಿದವಳೇ ಸುಮ್ಮನಾದಳು. ಕಲ್ಲು ಮಾತ್ರ ತಿರುಗುತ್ತಿತ್ತು. ಮರೆತಳೇನೋ ಎಂದು ನಾನು ಮೂರನೆಯ ಸಾಲು ನೆನಪಿಸಿದೆ.

"ಮರ್ತಿಲ್ರಿ," ಎಂದಳು. "ಎರಡನೇದು ಎರಡ ಸರ್ತಿ ಹಾಡೋದು. ಒಂದ್ಸರ್ತಿ ನಂದು, ಒಂದ್ಸರ್ತಿ ಎದುರ ಕುಂತಾಕಿದು. ನಮ್ಮ ನೆಗೆಣ್ಣಿ, ಮೈದುನನ ಹೆಣ್ತಿ, ಸತ್ತಾಗಿಂದ ಅಕಿ ಪಾಲಿಂದು ಹಂಗೇ ಬಿಡ್ತೇನಿ."

ಅಂದು ಎದುರು ಕೂರಲು ನನಗೆ ಧೈರ್ಯವಾಗಲಿಲ್ಲ.

ಈಗ ಅಜ್ಜಿಯೂ ಇಲ್ಲ. ತರಗತಿಯಲ್ಲಿ ತ್ರಿಪದಿ ಹಾಡಿ ತೋರಿಸುವಾಗ ಎರಡನೆಯ ಸಾಲಿನ ಬಳಿಕ ನಾನು ಸುಮ್ಮನೆ ನಿಲ್ಲುತ್ತೇನೆ. ಮೊನ್ನೆ, ಔರಾದ ಕಡೆಯ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ, ಯಾರೂ ಹೇಳದೆಯೇ, ಆ ಸಾಲನ್ನು ಮತ್ತೊಮ್ಮೆ ಹಾಡಿದಳು.