ಆಂಜಿನಮ್ಮನ ಕೈಗುಣ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಎದುರಿಗೆ ನನ್ನ ಟೈಲರ್ ಅಂಗಡಿ. ಅದರ ಪಕ್ಕದಲ್ಲಿ ಒಂದು ಮೇಜು, ಒಂದು ಹಳೇ ಕೊಡೆ, ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟ ಬಣ್ಣಬಣ್ಣದ ಟಿಕೆಟ್ಟುಗಳು. ಅದು ಆಂಜಿನಮ್ಮನ ಲಾಟರಿ ವ್ಯಾಪಾರ. ಸರ್ಕಾರ ಲಾಟರಿ ನಿಲ್ಲಿಸುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತಿದು. ಗಂಡ ತೀರಿಕೊಂಡ ಮೇಲೆ ಆ ಮೇಜನ್ನೇ ನಂಬಿ ಅವಳು ಇಬ್ಬರು ಮಕ್ಕಳನ್ನು ಓದಿಸಿದಳು.

ಒಂದು ದಿನ ಗೂಡು ಮಾರಲು ಬಂದ ಮುನಿಗಂಗಪ್ಪ, "ನೀನೇ ಒಂದು ಕಿತ್ಕೊಡಮ್ಮ" ಅಂದ. ಅವಳು ಕೈಗೆ ಸಿಕ್ಕಿದ್ದನ್ನು ಕಿತ್ತುಕೊಟ್ಟಳು. ಅದಕ್ಕೆ ದೊಡ್ಡ ಬಹುಮಾನ ಬಂದುಬಿಟ್ಟಿತು. ಅಲ್ಲಿಂದ ಆಂಜಿನಮ್ಮನ ಕೈಗುಣ ಒಳ್ಳೆಯದು ಅಂತ ಊರೆಲ್ಲ ಸುದ್ದಿ. ನಮ್ಮ ಕಡೆ ಒಬ್ಬರ ಕೈ ಒಳ್ಳೆಯದು ಅಂತ ಹೆಸರಾದರೆ ಮುಗಿಯಿತು, ಜನ ಬಿಡುವುದಿಲ್ಲ. ತಟ್ಟೆಗೆ ಮೊದಲ ರೇಷ್ಮೆಹುಳು ಬಿಡಲು ಅವಳೇ ಬೇಕು, ಗಂಡನಿಲ್ಲದವಳು ಅಂತಲೂ ನೋಡದೆ ತೊಟ್ಟಿಲಿಗೆ ಮಗು ಹಾಕಲು ಅವಳೇ ಬೇಕು. ಇವಳೂ ಒಳ್ಳೆ ಸೀರೆ ಉಟ್ಟು ಖುಷಿಯಾಗಿಯೇ ಹೋಗುತ್ತಿದ್ದಳು. ನರಸಮ್ಮ ದಿನಾ ಬರಲು ಶುರುಮಾಡಿದ ಮೇಲೆ ಆ ಖುಷಿ ಹಾರಿಹೋಯಿತು.

ನರಸಮ್ಮ ರೇಷ್ಮೆ ನೂಲು ತೆಗೆಯುವ ಹೆಂಗಸು. ಬಿಸಿನೀರಿನಲ್ಲಿ ಬೆಂದು ಅವಳ ಬೆರಳುಗಳು ಬಿಳುಚಿಕೊಂಡಿರುತ್ತಿದ್ದವು. ಮಗಳು ರೂಪಳಿಗೆ ಚಿಂತಾಮಣಿಯ ಕಡೆ ಗಂಡು ಗೊತ್ತಾಗಿತ್ತು. ಆ ಮನೆಯಲ್ಲಿದ್ದ ಚಿನ್ನವೆಂದರೆ ರೂಪಳ ಕಿವಿಯ ಜುಮುಕಿ ಒಂದೇ. ಗಂಡಿನ ಕಡೆಯವರು ಅದನ್ನು ನೋಡಿಕೊಂಡೇ ಹೋಗಿದ್ದರು. ಮದುವೆ ಖರ್ಚಿಗಾದೀತೆಂದು ನರಸಮ್ಮ ಕೂಲಿಯನ್ನೆಲ್ಲ ಟಿಕೆಟ್ಟಿಗೆ ಸುರಿಯುವುದನ್ನು ಕಂಡು ಆಂಜಿನಮ್ಮನಿಗೆ ಇದ್ದ ಭಯ ಒಂದೇ, ನಾಳೆ ಆ ಜುಮುಕಿಯೂ ಇಲ್ಲಿಗೇ ಬಂದರೆ ಏನು ಗತಿ?

ಆತಂಕವಾದಾಗ ಅವಳ ಬಾಯಿಗೆ ತೆಲುಗು ಬರುವುದು. "ವದ್ದಮ್ಮಾ, ವದ್ದು. ಬೇಡ ಕಣೇ. ದಿನಾ ನನಗೂ ಒಂದು ಕಿತ್ಕೋತೀನಿ. ಇವತ್ತಿನ ತನಕ ಒಂದು ಕಾಸು ಬಂದಿಲ್ಲ."

"ಕೈಗುಣ ತನಗೆ ಎಲ್ಲಾದ್ರೂ ಆಗ್ತದೇನಕ್ಕ? ಬೇರೆಯೋರಿಗೆ ತಾನೆ ಆಗೋದು!" ಅಂದಳು ನರಸಮ್ಮ. ಅವಳ ನಂಬಿಕೆ ಇನ್ನೂ ಗಟ್ಟಿಯಾಯಿತು.

ನನಗೆ ಮೈಯೆಲ್ಲ ಉರಿಯಿತು. ಕತ್ತರಿ ಕೆಳಗಿಟ್ಟು ಎದ್ದೆ. "ನರಸಮ್ಮ, ನಿನ್ನಂಥ ಸಾವಿರಾರು ಜನದ ಕಾಸು ಒಟ್ಟುಮಾಡಿ ಒಬ್ಬನಿಗೆ ಕೊಡ್ತಾರೆ. ಏಜೆಂಟು, ಸರ್ಕಾರ ಅವರವರ ಪಾಲು ಮೊದಲೇ ಹಿಡ್ಕೋತಾರೆ. ಉಳಿದೋರಿಗೆಲ್ಲ ನಾಮ."

"ನೀನು ಬಟ್ಟೆ ಹೊಲಿಯಣ್ಣ."

ಬಂಪರ್ ಡ್ರಾ ಹತ್ತಿರ ಬಂತು. ನರಸಮ್ಮ ವಾರದ ಬಟವಾಡೆಯನ್ನು ಮೇಜಿನ ಮೇಲಿಟ್ಟು ಹತ್ತು ಟಿಕೆಟ್ ಕೇಳಿದಳು. ಕೊಡುವುದಿಲ್ಲ ಅಂದರೆ ಬಸ್‌ಸ್ಟ್ಯಾಂಡಿನ ಲಾಟರಿಯವನ ಹತ್ತಿರ ಹೋಗುತ್ತಾಳೆ. ಆಂಜಿನಮ್ಮ ಕಟ್ಟುಗಳನ್ನು ತಿರುವಿ ನೋಡಿದಳು. ಆಮೇಲೆ ಒಂದೇ ಕಟ್ಟಿನಿಂದ ಸಾಲಾಗಿ ಹತ್ತು ಹರಿದು ಕೊಟ್ಟಳು. ಕೊನೆಯ ಅಂಕಿ ಸರಿಹೊಂದಿದರೂ ಒಂದು ಸಣ್ಣ ಬಹುಮಾನ ಇರುತ್ತದೆ; ಸಾಲಾಗಿ ಹತ್ತು ಟಿಕೆಟ್ ಇದ್ದರೆ ಸೊನ್ನೆಯಿಂದ ಒಂಬತ್ತರ ತನಕ ಎಲ್ಲ ಅಂಕಿಗಳೂ ಇರುತ್ತವೆ, ಒಂದಕ್ಕಂತೂ ಬಂದೇ ಬರುತ್ತದೆ. ಪಾಪ, ಬರಿಗೈಯಲ್ಲಿ ಹೋಗದಿರಲಿ ಎಂದಷ್ಟೇ ಅವಳ ಲೆಕ್ಕ. ನಾನೂ ನೋಡಿ ಒಳ್ಳೆಯದೇ ಮಾಡಿದಳು ಅಂದುಕೊಂಡೆ. ನಮ್ಮಿಬ್ಬರ ಬುದ್ಧಿಗೆ ಮಂಕು ಕವಿದಿತ್ತು.

ಡ್ರಾ ಆದ ಮಾರನೇ ದಿನ ನರಸಮ್ಮ ಓಡಿ ಬಂದಳು. "ಬಂತಕ್ಕ! ನಿನ್ ಕೈ ಸುಳ್ಳಾಗಲಿಲ್ಲ!" ಬಂದದ್ದು ಅವಳು ಕೊಟ್ಟದ್ದರಲ್ಲಿ ಕಾಲು ಭಾಗವೂ ಅಲ್ಲ.

"ಅದು ಕೈಯಿಂದ ಬಂದಿದ್ದಲ್ಲ ಕಣೇ. ಸಾಲಾಗಿ ಹತ್ತು ತಗೊಂಡ್ರೆ ಯಾರಿಗಾದ್ರೂ ಅಷ್ಟು ಬರ್ತದೆ," ಎಂದು ಆಂಜಿನಮ್ಮ ಟಿಕೆಟ್ಟುಗಳನ್ನು ಹರಡಿ ತೋರಿಸಿದಳು, ಗೋಗರೆದಳು. ನರಸಮ್ಮ ನಕ್ಕು ಅವಳ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಮುಂದಿನ ಬಂಪರ್‌ಗೆ ದೊಡ್ಡದಾಗಿ ಹಾಕಬೇಕಕ್ಕ ಅಂತ ಹೇಳಿ ಹೋದಳು.

ಆವತ್ತಿನಿಂದ ಆಂಜಿನಮ್ಮನಿಗೆ ಊಟ ಸೇರಲಿಲ್ಲ. ದಾರಿಯಲ್ಲಿ ನರಸಮ್ಮನ ಸೀರೆಯ ಬಣ್ಣ ಕಂಡರೂ ಎದ್ದು ನನ್ನ ಅಂಗಡಿಯೊಳಗೆ ಬಂದು ಕೂರುತ್ತಿದ್ದಳು. ಮುಂದಿನ ಬಂಪರ್ ಟಿಕೆಟ್ಟೇ ತರಿಸುವುದಿಲ್ಲ ಅಂತ ನನ್ನ ಮುಂದೆ ಆಣೆಯನ್ನೂ ಮಾಡಿದಳು. ಏಜೆಂಟ್ ಬಿಡಬೇಕಲ್ಲ, ಬಂಪರ್ ಬೇಡ ಅಂದರೆ ಬೇರೆ ಟಿಕೆಟ್ಟೂ ಇಲ್ಲ ಅಂದ. ಕಟ್ಟುಗಳು ಬಂದು ಮೇಜಿನ ಮೇಲೆ ಕೂತವು.

ಬಂದವಳು ನರಸಮ್ಮ ಅಲ್ಲ, ರೂಪ. ಕಿವಿಯ ತೂತು ಮುಚ್ಚಿಕೊಳ್ಳದಿರಲಿ ಎಂದು ಎರಡೂ ಕಿವಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಆಂಜಿನಮ್ಮ ಅದನ್ನೇ ನೋಡುತ್ತ ಕೂತಳು. ಆ ಹುಡುಗಿ ಅತ್ತಿದ್ದರೆ, ಜಗಳವಾಡಿದ್ದರೆ, ನಮ್ಮಿಬ್ಬರಿಗೂ ಎಷ್ಟೋ ಹಗುರವಾಗುತ್ತಿತ್ತು.

ಅವಳು ಮುದುರಿದ ನೋಟುಗಳನ್ನು ಮೇಜಿನ ಮೇಲಿಟ್ಟು ನಗುನಗುತ್ತ ಹೇಳಿದಳು: "ದೊಡ್ಡಮ್ಮ, ಅಮ್ಮ ಬಿಚ್ಚಿಸಿದ್ದಲ್ಲ, ಜುಮುಕಿ ನಾನೇ ಬಿಚ್ಚಿಕೊಟ್ಟೆ. ನಿಮ್ ಕೈಯಲ್ಲೇ ಕಿತ್ಕೊಡಿ."